ಕಂಬದ ಬಳಿಯ ಈರುಳ್ಳಿ

ಕರವಸ್ತ್ರದ ಗಂಟಿನಲ್ಲಿ ಅರ್ಧ ಈರುಳ್ಳಿ. ಕಲ್ಲಿನಿಂದ ಜಜ್ಜಿದ್ದು, ರಸ ಬಟ್ಟೆಗೆ ಇಳಿದು ಅಂಚಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

ಕಳೆದ ವಾರ ವಿಜಯನಗರದ ನನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯ ಕೈಯಲ್ಲಿ ಅದನ್ನು ಕಂಡೆ. ಕೆಳಗಿನ ಮನೆಯವರ ಮಗಳು, ಹೈಸ್ಕೂಲಿನ ಖೋ ಖೋ ತಂಡದವಳು. ಅಭ್ಯಾಸದಲ್ಲಿ ಕಂಬಕ್ಕೆ ತಲೆ ಬಡಿದು ಕಣ್ಣು ಕತ್ತಲಿಟ್ಟಿತಂತೆ. ಸಾರ್ ಈರುಳ್ಳಿ ಮೂಸಿಸಿದ ಮೇಲೆ ಸರಿಹೋಯಿತಂತೆ. ನಾಳೆ ಮ್ಯಾಚ್ ಇದೆ ಎಂದಳು, ಬೆಳಕಿಗೆ ಕಣ್ಣು ಕಿರಿದು ಮಾಡುತ್ತ. ಆ ವಾಸನೆ ನನಗೆ ಗೊತ್ತಿತ್ತು...

ನಾನು ಹೈಸ್ಕೂಲಿನಲ್ಲಿದ್ದಾಗ ಹಿನಕಲ್‌ನ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಬಿ.ಕಾಂ. ಓದುತ್ತಿದ್ದಳು, ನಮ್ಮ ಬಡಾವಣೆಯ ಖೋ ಖೋ ತಂಡಕ್ಕೆ ಅವಳೇ ಕ್ಯಾಪ್ಟನ್. ಓಡುವವಳು ಕಂಬ ಸುತ್ತಿ ತಪ್ಪಿಸಿಕೊಳ್ಳುವಷ್ಟರಲ್ಲಿ ಅಕ್ಕ ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನೆಲ್ಲ ಗಾಳಿಗೆ ಚಾಚಿ ಮುಟ್ಟಿಬಿಡುತ್ತಿದ್ದಳು. ಅಭ್ಯಾಸ ಮುಗಿದ ಮೇಲೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದು ಕಳಿಸುತ್ತಿದ್ದಳು, ಕಣ್ಣೆಳೆಯುವಷ್ಟು ಬಿಗಿಯಾಗಿ.

ಒಮ್ಮೆ ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಹಾಗೆ ಹಾರಿದಾಗ ಅಕ್ಕ ಕೈ ಜಾರಿ ತಲೆ ಕಂಬಕ್ಕೆ ಬಡಿದು ಬಿದ್ದಳು. ಯಾರೋ ನೀರು ಎರಚಿದರು. ತರಬೇತಿ ಕೊಡುತ್ತಿದ್ದ ಸಾರ್ ಪೆಟ್ಟಿಗೆಯಿಂದ ಈರುಳ್ಳಿ ತೆಗೆದು ಜಜ್ಜಿ ಮೂಗಿಗೆ ಹಿಡಿದರು. ನಮ್ಮಲ್ಲಿ ಅದೇ ಪರೀಕ್ಷೆ, ಅದೇ ಔಷಧ: ಈರುಳ್ಳಿಗೆ ಎದ್ದವಳು ಆಡಬೇಕು. ಅಕ್ಕ ಎದ್ದಳು.

“ಗಟ್ಟಿ ತಲೆ ಕಣ್ರೀ ಇವಳ್ದು, ಕಂಬಕ್ಕೇ ಏಟಾಗಿರ್ಬೇಕು,” ಎಂದರು ಸಾರ್. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಅಕ್ಕ ತಂಡದ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತಳು. “ಲೇ, ನಾವೀಗ ಓಡ್ತಿದೀವಾ, ಅಟ್ಟಿಸ್ತಿದೀವಾ?”

ಹುಡುಗಿಯರೆಲ್ಲ ನಕ್ಕರು. ಕ್ಯಾಪ್ಟನ್ನೇ ಹಿಂಗಂದ್ರೆ ನಾವೆಲ್ಲಿಗೋಗಣ ಎಂದು ಒಬ್ಬಳು ಛೇಡಿಸಿದಳು. ಅಟ್ಟಿಸ್ತಿದೀವಿ ಅಕ್ಕ ಎಂದು ನಾನು ಹೇಳಿದೆ. ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಕೇಳಿದಳು. ಸಾರ್‌ಗೂ ಅದು ಕೇಳಿಸಿತ್ತು. ಅವರೂ ನಕ್ಕರು.

ಮಧ್ಯಾಹ್ನ ಫೈನಲ್ಲಿಗೂ ಅವಳನ್ನು ಆಡಿಸಿದರು. ಎದುರಿನವಳ ಭುಜ ತಾಗಿ ಮತ್ತೆ ಬಿದ್ದಳು. ದೊಡ್ಡ ಪೆಟ್ಟೇನಲ್ಲ, ಆದರೆ ಈ ಸಲ ಈರುಳ್ಳಿಗೂ ಏಳಲಿಲ್ಲ. ಕಪ್ ನಮಗೇ ಬಂತು.

ಆಸ್ಪತ್ರೆಯಿಂದ ಬಂದವಳಿಗೆ ಬೆಳಕು ಆಗುತ್ತಿರಲಿಲ್ಲ, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಓದಿದ ಸಾಲು ತಲೆಯಲ್ಲಿ ನಿಲ್ಲದೆ ಪರೀಕ್ಷೆ ಬಿಟ್ಟಳು. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಅಂಗಡಿಯ ಮುಂದೆ ಏನು ಕೊಳ್ಳಲು ಬಂದೆನೆಂದು ಮರೆತು ನಿಂತರೆ, ಏನಮ್ಮ ಚಾಂಪಿಯನ್ ಎಂದು ನಗುವವರಿದ್ದರು. ಸಾರ್ ಮಾತ್ರ, ಅವಳಿಗೆ ಮನೋಬಲ ಸಾಲದು ಎಂದರು. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಲೆಗೆ ಪೆಟ್ಟಾದವರು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಗೊಂದಲ, ವಾಂತಿ, ತಲೆನೋವು, ಕೇಳಿದ್ದನ್ನೇ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತಿಗೆ ಆಟ ಮುಗಿಯಿತು. ಮಿದುಳು ಚೇತರಿಸಿಕೊಳ್ಳುವ ಮೊದಲೇ ಬೀಳುವ ಎರಡನೇ ಪೆಟ್ಟು ಚಿಕ್ಕದಾದರೂ ಹಾಳು ಮಾಡಬಲ್ಲದು. ಇದನ್ನು ತಿಳಿಯಲು ದೊಡ್ಡ ಓದು ಬೇಕಿಲ್ಲ. ಒಬ್ಬ ಹುಡುಗಿಯನ್ನು ಗೆರೆಯ ಆಚೆ ಕೂರಿಸುವಷ್ಟು ಮನಸ್ಸು ಬೇಕು, ಅಷ್ಟೇ.

ಅಕ್ಕ ಈಗ ಶ್ರೀರಾಂಪುರದಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಹೋದಾಗಲೆಲ್ಲ ಊಟ ಆಯ್ತಾ ಎಂದು ಕೇಳುತ್ತಾಳೆ, ಮತ್ತೆ ಕೇಳುತ್ತಾಳೆ. ತಂಗಿಯ ಮುಖ ನೋಡಿ ಗೊತ್ತಾದೊಡನೆ, “ಆಗ್ಲೇ ಕೇಳ್ಬುಟ್ನೇನೋ, ಬೇಜಾರ್ ಮಾಡ್ಕೋಬೇಡ ಕಣೇ,” ಎನ್ನುತ್ತಾಳೆ. ಕ್ಷಮೆ ಕೇಳಬೇಕಾದವರು ಯಾರೂ ಕೇಳಲಿಲ್ಲ. ಅವಳು ಕೇಳುತ್ತಾಳೆ... ನನ್ನ ಜಡೆ ಹೆಣೆಯುತ್ತಿದ್ದ ಆ ಅಕ್ಕ ಮತ್ತೆ ಸಿಗುವುದಿಲ್ಲ.

ಕೆಳಮನೆಯ ಹುಡುಗಿಯನ್ನು ಅವಳ ಅಮ್ಮನೂ ನಾನೂ ಆ ಸಂಜೆಯೇ ಡಾಕ್ಟರ ಬಳಿಗೆ ಕರೆದೊಯ್ದೆವು. ತಾವು ಹೇಳುವವರೆಗೆ ಆಟ ಬೇಡ ಎಂದರು.

ಮರುದಿನ ಬೆಳಿಗ್ಗೆ ನಾನೇ ಮೈದಾನಕ್ಕೆ ಹೋದೆ. ಅವಳ ಸಾರ್ ಬೇರೆಯವರು, ಇನ್ನೂ ಯುವಕರು.

“ನೆನ್ನೆ ಎದ್ದು ಮನೆಗೋದ್ಲಲ್ಲ ಮೇಡಂ, ಇನ್ನೇನು?”

“ಎದ್ದಿದಾಳೆ ಸಾರ್. ಆಡಲ್ಲ.”

ನನ್ನ ದನಿ ಏರಲಿಲ್ಲ. ಡಾಕ್ಟರ ಚೀಟಿ ಅವರ ಕೈಗಿಟ್ಟೆ. ಕಂಬಕ್ಕೆ ದಪ್ಪ ಸ್ಪಂಜು ಸುತ್ತಿಸದೆ ಉಳಿದ ಮಕ್ಕಳನ್ನೂ ಹಾರಿಸಬೇಡಿ ಎಂದೆ. ಕಂಬದ ಬುಡದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದಿತ್ತು. ಬ್ಯಾಂಡೇಜಿನ ಪಕ್ಕದಲ್ಲಿ ಹೊಸದೊಂದು ಈರುಳ್ಳಿ. ಅವರು ನೋಡುತ್ತಿದ್ದಂತೆ ಅದನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಮನೆಗೆ ಬಂದು ಸಣ್ಣಗೆ ಹೆಚ್ಚಿ ಉಪ್ಪಿಟ್ಟಿನ ಒಗ್ಗರಣೆಗೆ ಹಾಕಿದೆ.