ಸೆಲ್ಯೂಟ್ ಪಡೆದ ಬದಲಿ ಸೆಟ್

ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಬಂದ ಹವಾಲ್ದಾರರು ವೈರ್‌ಲೆಸ್ ಸೆಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟು, ಹಿಂದೆ ಸರಿದು, ಅದಕ್ಕೆ ಸೆಲ್ಯೂಟ್ ಹೊಡೆದರು! ನಾವೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತೆವು.

ಸೇನೆಯ ಸೆಟ್ಟು ರಿಪೇರಿಗೆ ಬಂದಾಗ ಸೈನಿಕರ ಕೈ ಖಾಲಿಯಾಗದಿರಲೆಂದು ನಾವು ಬದಲಿ ಸೆಟ್ಟು ಕೊಡುತ್ತೇವೆ. ಆ ಬದಲಿಗಳ ಕಪಾಟು ನನ್ನ ಜವಾಬ್ದಾರಿ. ಈ ಸೆಟ್ಟು ಅಲ್ಲಿಂದಲೇ ಹೋಗಿತ್ತು. ಹೋಗುವ ಮುನ್ನ, ಬೇರೊಂದು ರಿಪೇರಿ ಬೇಗ ಮುಗಿಸಲು ಇದರ ಬಿಡಿಭಾಗ ಕೀಳುತ್ತೇನೆಂದು ಸಹೋದ್ಯೋಗಿ ನಾಗರಾಜ ಸ್ಕ್ರೂಡ್ರೈವರ್ ಹಿಡಿದು ಬಂದಿದ್ದ. ಮುಟ್ಟಿದರೆ ಸುಮ್ಮನಿರುವುದಿಲ್ಲವೆಂದು ನಾನು ಕೂಗಾಡಿದ್ದೆ. ಸುಮ್ಮನೆ ಕೂತ ಸೆಟ್ಟಿಗೆ ಇಷ್ಟೊಂದು ಕಾವಲೇ ಎಂದು ಎಲ್ಲರೂ ನಕ್ಕಿದ್ದರು.

"ಹಿಮದಾಗ ಒಬ್ಬಾಂವ ಉಸಿರು ಸಿಗಲಾರದ ಬಿದ್ದಿದ್ದ ರೀ ಮೇಡಂ," ಎಂದರು ವಿಜಯಪುರದ ಆ ಹವಾಲ್ದಾರರು. "ಹೆಲಿಕಾಪ್ಟರ್ ಕರೆಸಿದ್ದು ಇದರಾಗ ರೀ. ಆ ಬಿದ್ದಾಂವ ನಾನ!"

ನಾನು ತಲೆಯೆತ್ತಿ ನಾಗರಾಜನನ್ನೇ ನೋಡಿದೆ. ಅವನು ಎದ್ದು ಬಂದು ಹವಾಲ್ದಾರರ ಕೈ ಕುಲುಕಿದ.

ಈಗ ಯಾರಾದರೂ ಆ ಕಪಾಟಿನ ಮೇಲೆ ಕಣ್ಣು ಹಾಕಿದರೆ ನನಗಿಂತ ಮೊದಲು ಅವನೇ ಗದರುತ್ತಾನೆ: "ಮುಟ್ಬೇಡ ಗುರು, ಅದು ಡ್ಯೂಟೀಲಿದೆ."