ಬಿಳಿ ಮೇಣದ ಕಪಾಟು

ಆಗ ನಾನು ಮಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸ ಟೀಚರು. ಕೆಲಸ ಖಾಯಂ ಆಗುವುದು ತನಿಖೆಗೆ ಬರುವ ಇನ್‌ಸ್ಪೆಕ್ಟ್ರೆಸ್ಸಮ್ಮನ ಮಾತಿನ ಮೇಲೆ ನಿಂತಿತ್ತು. ಅವರು ಬರುವ ಮೊದಲು ಆಫೀಸಿನ ಹಳೇ ಸಾಗುವಾನಿ ಕಪಾಟಿಗೆ ಹೊಸ ಕಳೆ ಬರಬೇಕೆಂದು ನಮ್ಮ ದೊರೆಸಾನಿ ಹೆಡ್‌ಮಿಸ್ಟ್ರೆಸ್ ನನಗೆ ಹೇಳಿದರು. ಜೇನುಮೇಣಕ್ಕೆ ಬಿಳಿ ಬಣ್ಣ ಬೆರೆಸಿ ಮರದ ಗೆರೆಗಳಿಗೆ ತುಂಬಬೇಕು. ಅವರ ಊರಿನಲ್ಲಿ ಈಗ ಅದೇ ಚಂದವಂತೆ. ಆಗುವುದಿಲ್ಲ ಎನ್ನುವ ಧೈರ್ಯ ನನಗೆಲ್ಲಿಯದು? ಆಟಿ ತಿಂಗಳ ಮಳೆಗೆ ಕಿಟಕಿ ಮುಚ್ಚಿಕೊಂಡು, ತೋಳು ಸೋಲುವವರೆಗೆ ತಿಕ್ಕಿದೆ.

ತನಿಖೆಯ ದಿನ ಬೆಳಿಗ್ಗೆ ಬಂದು ನೋಡಿದರೆ, ಆಯಾ ಗಿರಿಜಕ್ಕ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಕಪಾಟಿನ ಒಂದು ಬಾಗಿಲನ್ನು ಪೂರ್ತಿ ಒರೆಸಿಯಾಗಿತ್ತು.

"ಅಯ್ಯೋ ಗಿರಿಜಕ್ಕ, ಎಂತ ಮಾಡಿದಿರಿ?"

"ಎಂತ ಮಾಡಿದ್ದಾ? ಇಷ್ಟು ಬೂಸ್ಟು ಹಿಡಿದದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲವಾ ಟೀಚರೇ?"

"ಅದು ಬೂಸ್ಟಲ್ಲ, ಅಲಂಕಾರ."

"ಆಟಿಯಲ್ಲಿ ಬಿಳಿ ಕಂಡರೆ ಬೂಸ್ಟೇ ಮಾರಾಯ್ರೆ. ನಮ್ಮ ಮನೆಯ ಚಾಪೆಗೂ ಉಂಟು ಇಂಥ ಅಲಂಕಾರ!"

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಜೊತೆ ಇನ್‌ಸ್ಪೆಕ್ಟ್ರೆಸ್ಸಮ್ಮ ಒಳಗೆ ಬಂದರು. ಎಣ್ಣೆಯಲ್ಲಿ ಹೊಳೆಯುವ ಬಾಗಿಲು ನೋಡಿ ತಲೆದೂಗಿದರು. ಬಿಳಿ ಬಾಗಿಲಿನ ಮೇಲೆ ಬೆರಳಾಡಿಸಿ, "ಇದನ್ನೂ ಒರೆಸಿಬಿಡಿ. ಬೂಸ್ಟು ಪುಸ್ತಕಕ್ಕೆ ದಾಟುತ್ತದೆ" ಎಂದರು.

ನಾನು ಹೆಡ್‌ಮಿಸ್ಟ್ರೆಸ್ ಮುಖ ನೋಡಿದೆ. ಅವರು ನೆಲ ನೋಡುತ್ತಾ, "ಈ ಮಿಸ್ ಅದನ್ನೇ ಮಾಡುತ್ತಿದ್ದಾರೆ" ಎಂದರು.

ಅವರಿಬ್ಬರೂ ಚಹಾ ಕುಡಿದು ಮುಗಿಸುವವರೆಗೆ ನಾನು ಹಚ್ಚಿದ ಮೇಣವನ್ನು ನಾನೇ ಒರೆಸಿದೆ. ಕೆಲಸ ಖಾಯಂ ಆಯಿತು. ನನ್ನ ಶುಚಿತ್ವ ಇನ್‌ಸ್ಪೆಕ್ಟ್ರೆಸ್ಸಮ್ಮನಿಗೆ ಬಹಳ ಹಿಡಿಸಿತಂತೆ.