ಬಸ್ಸಿನಿಂದ ಇಳಿದ ಹಂಚು

ಎದುರು ಖಾನಾವಳಿಯವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬೆಳೆಯುತ್ತಿದ್ದ ವರ್ಷಗಳವು. ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದ ಒಂಟಿ ಗಂಡಸರಿಗೆ ಆ ಅಕ್ಕಿಯ ಸೀಮೆಯಲ್ಲಿ ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದವರು ನಮ್ಮ ರಸ್ತೆಯಲ್ಲಿ ಇಬ್ಬರೇ, ನಾನು ಮತ್ತು ಅವಳು. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರ ಬದುಕೂ ಒಲೆಯ ಮೇಲೆಯೇ. ನನ್ನ ರೊಟ್ಟಿ ತೆಳು, ಅವಳದು ದಪ್ಪ. ಆದರೂ ಕಾರ್ಖಾನೆಯ ಭೋಂಗಾ ಕೂಗಿ ಪಾಳಿ ಬಿಟ್ಟಾಗ ಅವಳ ಪಂಕ್ತಿಯೇ ಮೊದಲು ತುಂಬುತ್ತಿತ್ತು.

ಅದಕ್ಕೆ ನಾನು ಅವಳ ಅಡುಗೆಮನೆಯ ಮೇಲೆಯೇ ಕಣ್ಣಿಟ್ಟೆ. ಅವಳು ಗುರೆಳ್ಳು ಚಟ್ನಿ ಹಾಕಿದರೆ ನಾನು ಅಗಸಿಯದನ್ನೂ ಸೇರಿಸಿದೆ. ಅವಳು ಮೊಸರು ಕೊಟ್ಟರೆ ನಾನು ಬೆಣ್ಣೆ ಇಟ್ಟೆ. ಅವಳೋ, ಹಳಿಯಾಳದ ಬಸ್ಸು ಬರುವ ಹೊತ್ತಿಗೆ ಒಲೆಗೆ ಬೆನ್ನು ಮಾಡಿ ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಇಳಿಯುವವರನ್ನು ದಿಟ್ಟಿಸುವುದೇ ಕೆಲಸ. ಗಿರಾಕಿ ಹಿಡಿಯಲು ಕೂತಿದ್ದಾಳೆ, ಮಾನಗೇಡಿ ಎಂದುಕೊಂಡೆ. ಅವಳು ಯಾರನ್ನೂ ಕರೆಯುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಒಂದು ಬೇಸಿಗೆಯಲ್ಲಿ ಅವಳು ಇದ್ದಕ್ಕಿದ್ದಂತೆ ಖಾನಾವಳಿ ಮುಚ್ಚಿದಳು. ನಾನು ಈಶ್ವರನಿಗೆ ಕಾಯಿ ಒಡೆಸಿದೆ. ಅವಳ ಗಿರಾಕಿಗಳೆಲ್ಲ ನನ್ನ ಪಂಕ್ತಿಗೆ ಬಂದರು. ಜೋಳ ಬೀಸಲು ಒಬ್ಬ ಹೆಂಗಸನ್ನು ಇಟ್ಟುಕೊಂಡೆ, ರೊಟ್ಟಿ ಸುಡಲು ದೊಡ್ಡ ಹಂಚು ತರಿಸಿದೆ. ಅಷ್ಟರಲ್ಲಿ ಎದುರಿನಿಂದ ಪುಕ್ ಪುಕ್ ಎಂದು ಎಂಜಿನ್ನಿನ ಸದ್ದು. ಅವಳು ಅದೇ ಜಾಗದಲ್ಲಿ ಹಿಟ್ಟಿನ ಗಿರಣಿ ಹಾಕಿದ್ದಳು. ಖಾನಾವಳಿಯಲ್ಲಿ ಉಣ್ಣುವ ಗಂಡಸರು ಹಿಟ್ಟು ತಗೊಂಡು ಏನು ಮಾಡುತ್ತಾರೆ ಎಂದು ನಕ್ಕೆ.

ಮಳೆಗಾಲ ಮುಗಿಯುವುದರೊಳಗೆ ನನ್ನ ಪಂಕ್ತಿ ತೆಳ್ಳಗಾಯಿತು. ಪಕ್ಕದ ಅಂಬೇವಾಡಿಯಲ್ಲಿ ಮನೆ ಸಿಕ್ಕಿತೆಂದು ಒಬ್ಬ ಹೋದ, ಅವನ ಹಿಂದೆ ಇನ್ನೊಬ್ಬ. ಚಟ್ನಿಯ ರುಚಿ ಕೆಟ್ಟಿತೇನೋ ಎಂದು ನಾನು ಇನ್ನಷ್ಟು ಬೆಳ್ಳುಳ್ಳಿ ಜಜ್ಜಿದೆ. ಅತ್ತ ಗಿರಣಿಯ ಮುಂದೆ ಹೆಂಗಸರ ಸಾಲು. ಅವಳ ಸೀರೆಗೆ ಮೆತ್ತಿದ ಹಿಟ್ಟು ಕಂಡರೂ ನನಗೆ ಉರಿಯುತ್ತಿತ್ತು.

ಬೀಸುವವಳನ್ನು ಬಿಡಿಸಬೇಕಾಯಿತು. ಆಮೇಲೆ ನಾನೂ ಜೋಳದ ಬುಟ್ಟಿ ಹೊತ್ತು ಅದೇ ಗಿರಣಿಗೆ ಹೋದೆ. ಅವಳು ಆಗಲೂ ಬಸ್ಸು ನಿಲ್ಲುವ ಕಡೆ ಮುಖ ಮಾಡಿ ಕೂತಿದ್ದಳು.

"ದಿನಾ ಏನ್ ನೋಡ್ತೀರಿ ಅಲ್ಲೆ?" ಎಂದು ಕೇಳಿಯೇಬಿಟ್ಟೆ.

"ಮೊದಲ ಗಂಡಸ್ರು ಟ್ರಂಕ್ ಹಿಡಕೊಂಡು ಇಳೀತಿದ್ರು ರೀ. ಆಮ್ಯಾಲೆ ಹೆಂಗಸ್ರು ರೊಟ್ಟಿ ಹಂಚು ಹಿಡಕೊಂಡು ಇಳ್ಯಾಕ ಹತ್ತಿದ್ರು. ಹಂಚು ಬಂತಂದ್ರ ಮನ್ಯಾಗ ಒಲಿ ಹೂಡ್ತಾರ, ಖಾನಾವಳಿ ಯಾಕ ಬೇಕು? ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಗಿರಣಿಗೂ ಬರ್ತಾಳ."

ಅದೇ ಬಸ್ಸು, ಅದೇ ರಸ್ತೆ. ನನಗೂ ಎರಡು ಕಣ್ಣಿದ್ದವು, ಎರಡನ್ನೂ ಅವಳ ಒಲೆಯ ಮುಂದೆ ಇಟ್ಟಿದ್ದೆ. ಅವಳಿಗೇ ಯಾಕೆ ಮೊದಲು ಕಾಣಬೇಕಿತ್ತು ಎಂದು ಹಲ್ಲು ಕಡಿದೆ.

ಅಷ್ಟರಲ್ಲಿ ಬಸ್ಸು ಬಂತು. ಕೆಳಗೆ ಕಾದು ನಿಂತಿದ್ದವನು ನನ್ನ ಬಹಳ ಹಳೆಯ ಗಿರಾಕಿ, ನನ್ನನ್ನು ಅವ್ವಾ ಎನ್ನುತ್ತಿದ್ದವನು. ಹಸಿರು ಬಳೆಯ ಹುಡುಗಿಯೊಬ್ಬಳು ಇಳಿದು ಅವನ ಕೈಗೆ ಗಂಟು ಕೊಟ್ಟಳು. ಬಟ್ಟೆಯ ಸಂದಿಯಲ್ಲಿ ಹಂಚಿನ ಕರಿಯ ಅಂಚು ಕಾಣುತ್ತಿತ್ತು.

"ನಿಮ್ಮವನ ಹೌದಲ್ರಿ?" ಎಂದಳು ಗಿರಣಿಯವಳು.

ಹೌದೆಂದೆ. ಹುಡುಗಿ ನಮ್ಮ ಮುಂದೆಯೇ ಹಾದು ಹೋದಳು. ಗಿರಣಿಯತ್ತ ಕತ್ತು ತಿರುಗಿಸಿ ನೋಡಿದಳು. ನನ್ನ ಖಾನಾವಳಿಯತ್ತ ನೋಡಲಿಲ್ಲ.